ಮೀಟರಪ್ಪನವರ ಟಿ.ವಿ. ಸಮೀಕ್ಷೆ

ಮೀಟರಪ್ಪನವರ ಮನೆ ಒಡೆಯುತ್ತಿದೆ ಎಂಬ ಸುದ್ದಿ ಬೀದಿಯಲ್ಲಿ ಪೂರ್ತಿ ಹಬ್ಬಲು ಹನ್ನೊಂದು ದಿನ ಬೇಕಾಯಿತು. ಅದು ಸುಳ್ಳೆಂದು ಗೊತ್ತಾಗಲು ಹನ್ನೊಂದು ನಿಮಿಷ ಸಾಕಾಯಿತು. ನಡುವೆ ನಡೆದದ್ದಕ್ಕೆಲ್ಲ ಮೂಲ ಕೇಬಲ್ ಬಿಲ್ಲು. ಆದರೆ ಬೀದಿಯಲ್ಲಿ ಓಡಾಡಿದ ಸುದ್ದಿಯ ಏಳು ಆವೃತ್ತಿಗಳಲ್ಲಿ ಒಂದರಲ್ಲೂ ಟಿ.ವಿ.ಯ ಪ್ರಸ್ತಾಪ ಇರಲಿಲ್ಲ.

ಮೀಟರಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ನೀರು ಸರಬರಾಜು ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಮೀಟರ್ ಓದಿದವರನ್ನು ಬೀದಿ ಇನ್ನೇನೆಂದು ಕರೆದೀತು? ಕೊಕ್ಕೆಯಿಂದ ಗುಂಡಿಯ ಮುಚ್ಚಳ ಎತ್ತುವುದು, ಟಾರ್ಚ್ ಬಿಟ್ಟು ಅಂಕಿ ನೋಡುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು, ಮುಚ್ಚಳ ಹಾಕಿ ಪಕ್ಕದ ಮನೆಗೆ ಹೋಗುವುದು. ದಿನಕ್ಕೆ ನೂರಾ ಹತ್ತು ಮನೆ. ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯ ರೀಡರ್ ಒಬ್ಬರು ಕಲಿಸಿದ ಪಾಠವನ್ನು ಅವರು ಒಮ್ಮೆಯೂ ಮೀರಿದವರಲ್ಲ: ಮನೆಯವರನ್ನು ಏನೂ ಕೇಳಬಾರದು, ಕೇಳಿದರೆ ಅವರು ಏನಾದರೂ ಹೇಳುತ್ತಾರೆ, ಮೀಟರನ್ನು ಮಾತ್ರ ನೋಡಬೇಕು. ನೀರಿನ ಮಟ್ಟಿಗೆ ಇದು ಬಹಳ ಒಳ್ಳೆಯ ಪಾಠ. ಸಂಸಾರಕ್ಕೂ ಅನ್ವಯಿಸುತ್ತದೆಯೇ ಎಂದು ಇಲಾಖೆ ಪರೀಕ್ಷಿಸಿರಲಿಲ್ಲ.

ಶುರುವಾದದ್ದು ಕಚೇರಿಯ ಚಹಾದ ಹೊತ್ತಿನಲ್ಲಿ. ಬಿಲ್ ವಿಭಾಗದ ಗುಮಾಸ್ತರು ತಾವು ಕೇಬಲ್ ತೆಗೆಸಿ ಡಿಶ್ ಹಾಕಿಸಿದ್ದನ್ನು, ಖರ್ಚು ಕಾಲು ಭಾಗ ಇಳಿದದ್ದನ್ನು ನಾಲ್ಕು ಜನರೆದುರು ಹೇಳಿದರು. ಮೀಟರಪ್ಪನವರು ಲೋಟ ಇಟ್ಟು ಎದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವರು ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಹೋಲಿಕೆಯಲ್ಲ ಎಂದರು. ಮನೆಯಲ್ಲಿ ಯಾರು ಏನು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂದು ಮೊದಲು ಅಳೆಯಬೇಕು. ಆಮೇಲೆ ಕೇಬಲ್, ಡಿಶ್, ಇಂಟರ್ನೆಟ್ ಮೂರನ್ನೂ ಆ ಅಳತೆಯ ಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ, ತಾನು ಮಾಡಿ ತೋರಿಸುತ್ತೇನೆ ಎಂದರು. ಹಿಂದೆ ನಿಂತಿದ್ದ ಸೂಪರಿಂಟೆಂಡೆಂಟರು, ಹಾಗಾದರೆ ವರದಿ ತಮಗೂ ಬೇಕು, ತಮ್ಮ ಮನೆಯ ಬಿಲ್ಲೂ ಏರುತ್ತಿದೆ ಎಂದರು. ಮೇಲಧಿಕಾರಿ ಕೇಳಿದ ಮೇಲೆ ಆಡಿದ ಮಾತು ಮಾತಾಗಿ ಉಳಿಯುವುದಿಲ್ಲ.

ಅಂದೇ ಸಂಜೆ ಟಿ.ವಿ.ಯ ಪಕ್ಕದ ಮೊಳೆಗೆ ಒಂದು ಉದ್ದನೆಯ ರಿಜಿಸ್ಟರ್ ನೇತಾಡಿತು, ಅದಕ್ಕೆ ದಾರದಿಂದ ಕಟ್ಟಿದ ಪೆನ್ನು. ದಿನಾಂಕ, ಹಾಕಿದ ವೇಳೆ, ಆರಿಸಿದ ವೇಳೆ, ನೋಡಿದವರು, ಕಾರ್ಯಕ್ರಮ, ಸಹಿ. ಇದರಲ್ಲಿ ಮೊದಲ ಐದು ಕಲಂಗಳಿಂದ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ಅನಾಹುತ ಇದ್ದದ್ದು ಆರನೆಯದರಲ್ಲಿ. ಸಹಿ ಹಾಕು ಎಂದರೆ ಎಂಥವರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಮನೆಯಲ್ಲಿ ಇದ್ದವರು ಮೂವರು. ಮೀಟರಪ್ಪನವರ ಹೆಂಡತಿ ಹೈಸ್ಕೂಲಿನ ಉಪ ಮುಖ್ಯೋಪಾಧ್ಯಾಯಿನಿ, ಬೀದಿಗೆಲ್ಲ ಟೀಚರ್. ಹಿಂದಿನ ವರ್ಷ ಶಾಲೆಯ ಪೋಷಕರ ಸಭೆಯಲ್ಲಿ ಟಿ.ವಿ. ಧಾರಾವಾಹಿಗಳಿಂದ ಮೆದುಳಿಗೆ ಆಗುವ ಹಾನಿಯ ಬಗ್ಗೆ ನಲವತ್ತು ನಿಮಿಷ ಮಾತಾಡಿದ್ದರು. ಸ್ಥಳೀಯ ಪತ್ರಿಕೆಯಲ್ಲಿ ಮೂರು ಸಾಲು ಬಂದಿತ್ತು, ಫೋಟೊ ಬಂದಿರಲಿಲ್ಲ. ಅದೇ ಟೀಚರ್ ಸೋಮವಾರದಿಂದ ಶನಿವಾರದವರೆಗೆ ಸಂಜೆ ಏಳೂವರೆಗೆ ತಪ್ಪದೆ ಒಂದು ಧಾರಾವಾಹಿ ನೋಡುತ್ತಿದ್ದರು. ಒಂದು ಬೇಕರಿ, ಅದನ್ನು ಕಟ್ಟಿದ ಮುದುಕ, ಬಚ್ಚಿಟ್ಟ ಉಯಿಲು, ಮೂರನೇ ಸಲ ನೆನಪು ಕಳೆದುಕೊಂಡ ಸೊಸೆ. ರಿಜಿಸ್ಟರಿನಲ್ಲಿ ಆ ಹೊತ್ತಿನ ಎದುರು ಅವರು ದುಂಡಗಿನ ಅಕ್ಷರದಲ್ಲಿ ‘ವನ್ಯಜೀವಿ ಸಾಕ್ಷ್ಯಚಿತ್ರ’ ಎಂದು ಬರೆದು ಸಹಿ ಮಾಡಿದರು.

ಮೀಟರಪ್ಪನವರ ತಂದೆ ನ್ಯಾಯಾಲಯದ ನಿವೃತ್ತ ಶೀಘ್ರಲಿಪಿಗಾರರು, ಬೀದಿಗೆಲ್ಲ ತಾತ. ಮೂವತ್ತನಾಲ್ಕು ವರ್ಷ ಬೇರೆಯವರ ಸುಳ್ಳನ್ನು ಒಂದಕ್ಷರ ಬಿಡದೆ ಬರೆದುಕೊಂಡವರು, ತಮ್ಮದೊಂದನ್ನೂ ಸೇರಿಸಿದವರಲ್ಲ. ದೇಶವಿದೇಶದ ವಿದ್ಯಮಾನದ ಬಗ್ಗೆ ಬೀದಿಯವರು ಅಭಿಪ್ರಾಯ ಕೇಳುವುದು ಅವರನ್ನು. ಅವರು ಸಂಜೆ ಐದಕ್ಕೆ ನೋಡುತ್ತಿದ್ದದ್ದು ಅಂಚೆ ಹಂಚುವ ಕರಡಿಯ ಕಾರ್ಟೂನು. ಬರೆದದ್ದು ‘ವಾರ್ತೆ’.

ಮೀಟರಪ್ಪನವರು ತಾವು ಏಳರಿಂದ ಎಂಟರವರೆಗೆ ತಿರುಗಾಡಿ ಬಂದು ರಾತ್ರಿಯ ಊಟಕ್ಕೆ ಮುಂಚೆ ನೋಡುವುದನ್ನು ‘ನಗರಸಭೆ ಕಲಾಪ, ನೇರಪ್ರಸಾರ’ ಎಂದು ಬರೆದರು. ಪರದೆಯ ಮೇಲೆ ಕಲಾಪ ಇರುತ್ತಿದ್ದದ್ದು ನಿಜ. ಮೀಟರಪ್ಪನವರು ಅದರೆದುರು ನಿದ್ದೆ ಮಾಡುತ್ತಿದ್ದದ್ದೂ ಅಷ್ಟೇ ನಿಜ. ಸದಸ್ಯರೊಬ್ಬರು ಚರಂಡಿಯ ಬಗ್ಗೆ ಮಾತಾಡಲು ಎದ್ದರೆಂದರೆ ಅವರ ಗದ್ದ ಎದೆಗೆ ತಾಗುತ್ತಿತ್ತು.

ಹದಿನಾಲ್ಕು ದಿನದ ಬಳಕೆ ಐವತ್ತಮೂರು ಗಂಟೆ: ವಾರ್ತೆ ಮೂವತ್ತೊಂದು, ವನ್ಯಜೀವಿ ಆರು, ನಗರಸಭೆ ಹದಿನಾರು. ಧಾರಾವಾಹಿ, ಕಾರ್ಟೂನು, ಸಿನಿಮಾ ಸೊನ್ನೆ. ಇಷ್ಟು ಸುಸಂಸ್ಕೃತ ಮನೆಯಲ್ಲಿ ಇಷ್ಟು ವರ್ಷ ಗೊತ್ತಿಲ್ಲದೆ ಬದುಕಿದೆನಲ್ಲ ಎಂದು ಮೀಟರಪ್ಪನವರಿಗೆ ಹೆಮ್ಮೆಯೂ ಸಣ್ಣ ಅಳುಕೂ ಆಯಿತು. ಕೇಬಲ್ಲಿನಲ್ಲಿ ಇನ್ನೂರ ಹನ್ನೆರಡು ಚಾನೆಲ್ ಬರುತ್ತವೆ, ಮನೆಗೆ ಬೇಕಾದದ್ದು ಮೂರು. ಡಿಶ್ಶಿಗೆ ತಾರಸಿಯಲ್ಲಿ ಜಾಗ ಬೇಕು, ಗಾಳಿ ಬೀಸಿದರೆ ಮೇಲೆ ಹತ್ತಬೇಕು. ಇಂಟರ್ನೆಟ್ಟಿನ ಒಂದು ಆ್ಯಪ್‌ನಲ್ಲಿ ‘ಜ್ಞಾನ ಪ್ಯಾಕ್’ ಎಂದಿದೆ: ವನ್ಯಜೀವಿ, ವಿಜ್ಞಾನ, ವಾರ್ತೆ, ಸಭೆಗಳ ಪ್ರಸಾರ. ಬೇರೇನೂ ಇಲ್ಲ. ಖರ್ಚಿನಲ್ಲಿ ನೂರಕ್ಕೆ ಐವತ್ತೆರಡು ಉಳಿತಾಯ.

ವರದಿಯನ್ನು ಅವರು ಊಟದ ಮೇಜಿನ ಬಳಿ ನಿಂತು ಓದಿದರು. ಸೊಸೆ ಮಾವನ ಮುಖ ನೋಡಿದರು, ಮಾವ ಉಪ್ಪಿನ ಡಬ್ಬಿ ನೋಡಿದರು. ಇಬ್ಬರೂ ಒಳ್ಳೆಯದಾಯಿತು ಎಂದರು.

ಸೋಮವಾರ ಕೇಬಲ್‌ನವರು ವೈರು ಬಿಚ್ಚಲು ಬಂದರು. ಹದಿನೈದು ವರ್ಷದಿಂದ ಆ ಮನೆಗೆ ಬರುತ್ತಿದ್ದವರು. ಏಳೂವರೆಗೆ ಚಾನೆಲ್ ಕೆಟ್ಟಾಗಲೆಲ್ಲ ಫೋನು ಮಾಡುತ್ತಿದ್ದವರು ಯಾರೆಂದು ಜಗತ್ತಿನಲ್ಲಿ ಅವರೊಬ್ಬರಿಗೆ ಗೊತ್ತಿತ್ತು. ಏಣಿಯ ಮೇಲೆ ನಿಂತು, “ಸರ್, ಪೂರ್ತಿ ತೆಗೆಸೋದು ಯಾಕೆ? ಎಲ್ಲಕ್ಕಿಂತ ಕೆಳಗಿನ ಪ್ಯಾಕ್ ಒಂದಿದೆ. ಬರೀ ಧಾರಾವಾಹಿ, ಕಾರ್ಟೂನು. ತುಂಬಾ ಅಗ್ಗ” ಎಂದರು.

“ನಮ್ಮನೇಲಿ ಅವನ್ನ ಯಾರೂ ನೋಡಲ್ಲಪ್ಪ. ಸಹಿ ಮಾಡಿದ ದಾಖಲೆ ಇದೆ” ಎಂದು ಮೀಟರಪ್ಪನವರು ರಿಜಿಸ್ಟರ್ ತೋರಿಸಿದರು.

ಕೇಬಲ್‌ನವರು ರಿಜಿಸ್ಟರ್ ಓದಿ ಟೀಚರ್ ಕಡೆ ನೋಡಿದರು. ಟೀಚರ್ ಗೋಡೆ ಗಡಿಯಾರ ನೋಡಿದರು. ಕೇಬಲ್‌ನವರು ವೈರು ಸುತ್ತಿಕೊಂಡು ಇಳಿದರು.

ಅಂದು ಸಂಜೆ ಮೂವರೂ ಒಟ್ಟಿಗೆ ಕೂತು ಜ್ಞಾನ ಪ್ಯಾಕ್ ಉದ್ಘಾಟಿಸಿದರು. ಪಾಚಿಯ ಬಗ್ಗೆ ಐವತ್ತು ನಿಮಿಷದ ಚಿತ್ರ. ಪಾಚಿ ಬಂಡೆಯ ಮೇಲೆ ಬೆಳೆಯಿತು, ಆಮೇಲೆ ಇನ್ನೊಂದು ಬಂಡೆಯ ಮೇಲೆ ಬೆಳೆಯಿತು. ಹನ್ನೆರಡನೇ ನಿಮಿಷದಲ್ಲಿ ಒಂದು ಹುಳು ಬಂದಾಗ ತಾತ ಆಸೆಯಿಂದ ಮುಂದಕ್ಕೆ ಬಾಗಿದರು, ಅದು ಹೊರಟುಹೋಯಿತು. ಎದ್ದುಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಮುಗಿದ ಮೇಲೆ ಟೀಚರ್ ತುಂಬಾ ಮಾಹಿತಿ ಇತ್ತು ಎಂದರು. ತಾತ, ಪಾಚಿಯ ಬಗ್ಗೆ ತಾವು ಇದುವರೆಗೆ ಯೋಚಿಸಿಯೇ ಇರಲಿಲ್ಲ ಎಂದರು. ಅವರ ಇಡೀ ಜೀವನದ ದಾಖಲೆಯಂತೆ ಅದೂ ಅಕ್ಷರಶಃ ಸತ್ಯ.

ಮರುದಿನ ಮೀಟರಪ್ಪನವರಿಗೂ ಪೆಟ್ಟು ಬಿತ್ತು. ನಗರಸಭೆಯ ಕಲಾಪ ಹಾಕಿಕೊಂಡು ಹಿತವಾಗಿ ನಿದ್ದೆ ಹತ್ತುವಷ್ಟರಲ್ಲಿ ಪರದೆ ಇದ್ದಕ್ಕಿದ್ದಂತೆ ನಿಂತು, ಮನೆ ನಿಶ್ಶಬ್ದವಾಗಿ, ಅವರಿಗೆ ಎಚ್ಚರವಾಯಿತು. ‘ನೀವು ಇನ್ನೂ ನೋಡುತ್ತಿದ್ದೀರಾ?’ ಎಂದು ಆ್ಯಪ್ ಕೇಳುತ್ತಿತ್ತು. ಇಷ್ಟು ವರ್ಷದಲ್ಲಿ ಕೇಬಲ್ ಈ ಪ್ರಶ್ನೆಯನ್ನು ಒಂದು ಸಲವೂ ಕೇಳಿರಲಿಲ್ಲ. ಅವರು ಟಿ.ವಿ. ಆರಿಸಿ, ಮರುದಿನದಿಂದ ಸಂಜೆಯ ತಿರುಗಾಟವನ್ನೂ ಬಿಟ್ಟು, ಒಳಕೋಣೆಗೆ ಹೋಗಿ ಹಾಸಿಗೆಯ ಮೇಲೆಯೇ ಮಲಗುವ ರೂಢಿ ಮಾಡಿಕೊಂಡರು. ಏಳರಿಂದ ಎಂಟೂಕಾಲಿನವರೆಗೆ ಅವರಿಗೆ ಈ ಲೋಕದ ಪರಿವೆ ಇರುತ್ತಿರಲಿಲ್ಲ. ಮುಂದಿನದೆಲ್ಲ ನಡೆದದ್ದು ಆ ಅವಧಿಯಲ್ಲಿ.

ಬುಧವಾರ ಏಳು ಇಪ್ಪತ್ತೈದಕ್ಕೆ ಟೀಚರ್ ಮುಂದಿನ ಕೋಣೆಯ ಕಿಟಕಿಯ ಒಂದು ಪರದೆ ಬಿಚ್ಚಿ, ಮಡಿಚಿ, ಚೀಲದಲ್ಲಿ ಹಾಕಿಕೊಂಡು ಬೀದಿಯ ಕೊನೆಯ ಟೈಲರಮ್ಮನ ಅಂಗಡಿಗೆ ಹೋದರು. ಕಿಟಕಿ ಪರದೆಯ ಅಂಚು ಬಿಚ್ಚಿಕೊಂಡಂತಿದೆ, ನೋಡಿ ಎಂದರು. ಟೈಲರಮ್ಮ ನೋಡಿದರು, ಅಂಚು ಗಟ್ಟಿಯಾಗಿತ್ತು. ಬೀರುವಿನ ಮೇಲೆ ಇಟ್ಟಿದ್ದ ಟಿ.ವಿ.ಯಲ್ಲಿ ಬೇಕರಿಯ ಧಾರಾವಾಹಿ ಶುರುವಾಗುತ್ತಿತ್ತು. ಟೈಲರಮ್ಮ ಒಂದು ಸ್ಟೂಲು ಎಳೆದು ಕೊಟ್ಟು, ಏನೂ ಕೇಳಲಿಲ್ಲ. ಅಳತೆ ತೆಗೆಯುವ ಕಸುಬಿನವರು. ಊರಿನ ಅರ್ಧ ಹೆಂಗಸರ ಸೊಂಟದ ಸುತ್ತಳತೆ ಗೊತ್ತಿದ್ದೂ ಯಾರಿಗೂ ಹೇಳಿದವರಲ್ಲ. ಎಂಟಕ್ಕೆ ಟೀಚರ್ ಕಣ್ಣೊರೆಸಿಕೊಂಡು, ಅವಸರ ಇಲ್ಲ, ನಿಧಾನಕ್ಕೆ ಹೊಲಿಯಿರಿ ಎಂದು ಹೇಳಿ ಎದ್ದರು. ಗುರುವಾರ ಅದರ ಜೋಡಿ ಹೋಯಿತು. ಮನೆಗೆ ಆರು ಕಿಟಕಿ, ಹನ್ನೆರಡು ಪರದೆ.

ತಾತ ಹಿಡಿದದ್ದು ಕ್ಷೌರದಂಗಡಿಯ ದಾರಿ. ಅಲ್ಲಿ ಮಕ್ಕಳು ಕುರ್ಚಿಯಲ್ಲಿ ಅಲುಗಾಡದೆ ಕೂರಲೆಂದು ಸಂಜೆಯಿಡೀ ಕಾರ್ಟೂನು ಹಾಕಿರುತ್ತಾರೆ. ಸುಮ್ಮನೆ ಕೂರಲು ತಾತನ ಆತ್ಮಗೌರವ ಒಪ್ಪದು. ಹಾಗಾಗಿ ಮೊದಲ ದಿನ ಕಟಿಂಗು, ಎರಡನೇ ದಿನ ಶೇವಿಂಗು, ಮೂರನೇ ದಿನ ಕಿವಿಯ ಹತ್ತಿರ ಸ್ವಲ್ಪ, ನಾಲ್ಕನೇ ದಿನ ಮತ್ತೆ ಕಟಿಂಗು. ಎರಡನೇ ವಾರದ ಹೊತ್ತಿಗೆ ಕತ್ತರಿಸಲು ಏನೂ ಉಳಿದಿರಲಿಲ್ಲ. ಕ್ಷೌರಿಕರು ಗಾಳಿಯಲ್ಲಿ ಕತ್ತರಿ ಆಡಿಸಿ ಸದ್ದು ಮಾಡುತ್ತಿದ್ದರು, ತಾತ ಕನ್ನಡಿಯೊಳಗೆ ಕರಡಿಯನ್ನು ನೋಡುತ್ತಿದ್ದರು.

ಇನ್ನು ಬೀದಿಯ ಪಾಲಿನದು. ಎದುರು ಮನೆಯ ಮೊದಲ ಮಹಡಿಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಏಳೂವರೆಯ ಸುಮಾರಿಗೆ ಅವರು ಗಿಡಗಳಿಗೆ ನೀರು ಹಾಕುತ್ತಾರೆ. ಅವರಿಗೆ ಕಂಡದ್ದರಲ್ಲಿ ಒಂದೂ ಸುಳ್ಳಲ್ಲ. ಟೀಚರ್ ದಿನಾ ಒಂದು ತುಂಬಿದ ಚೀಲ ಹಿಡಿದು ಹೊರಗೆ ಹೋಗುತ್ತಾರೆ. ಖಾಲಿ ಚೀಲ ಹಿಡಿದು ವಾಪಸು ಬರುತ್ತಾರೆ. ಬರುವಾಗ ಕಣ್ಣು ಕೆಂಪಾಗಿರುತ್ತದೆ. ಎರಡು ದಿನಕ್ಕೊಂದರಂತೆ ಕಿಟಕಿಗಳು ಬೋಳಾಗುತ್ತಿವೆ. ಮುದುಕರು ದಿನಾ ಕ್ಷೌರ ಮಾಡಿಸಿಕೊಂಡು ಎಲ್ಲಿಗೋ ಹೊರಡಲು ತಯಾರಾದವರಂತಿದ್ದಾರೆ. ಹೊರಗೆ ಇದೆಲ್ಲ ನಡೆಯುವಾಗ ಮೀಟರಪ್ಪ ಒಳಗೆ ಮಲಗಿರುತ್ತಾನೆ. ಇಷ್ಟನ್ನು ಅವರು ದಿನಸಿ ಅಂಗಡಿಯವರ ಕಿವಿಗೆ ಹಾಕಿದರು. ಕೂಡಿಸುವ ಕೆಲಸ ಅಂಗಡಿಯವರು ಮಾಡಿದರು: ಟೀಚರ್ ಮನೆ ಬಿಡುತ್ತಿದ್ದಾರೆ, ಗಲಾಟೆ ಆಗಬಾರದೆಂದು ಸಾಮಾನನ್ನು ಕಂತಿನಲ್ಲಿ ಸಾಗಿಸುತ್ತಿದ್ದಾರೆ, ಮಾವನೂ ಸೊಸೆಯ ಜೊತೆ ಹೊರಟಿದ್ದಾರೆ.

ಬೀದಿ ಆಮೇಲೆ ನಡೆದುಕೊಂಡ ರೀತಿಗೆ ಹೆಸರಿಡುವಂತಿಲ್ಲ. ಅಂಗಡಿಯವರು ಮೀಟರಪ್ಪನವರ ಸಾಮಾನಿನ ಜೊತೆ ಒಂದು ಬಿಸ್ಕತ್ತಿನ ಪೊಟ್ಟಣ ಸೇರಿಸಿ, ಬೇಡವೆಂದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನರ್ಸಮ್ಮ ಮೆಟ್ಟಿಲ ಬಳಿ ತಡೆದು, ಯಾವಾಗ ಬೇಕಾದರೂ ಊಟಕ್ಕೆ ಬನ್ನಿ, ಒಬ್ಬರಿಗೆ ಅಂತ ಅಡುಗೆ ಮಾಡೋದು ಕಷ್ಟ ಎಂದರು. ಮೀಟರಪ್ಪನವರು ಇದನ್ನು ಅವರ ನೀರಿನ ಬಿಲ್ಲಿಗೆ ಸಂಬಂಧಿಸಿದ ವಿಷಯವೆಂದು ತಿಳಿದು, ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ ಮುಂದೆ ಹೋದರು. ಕಿಟಕಿ ಬೋಳಾದದ್ದು ಅವರ ಗಮನಕ್ಕೆ ಬರಲಿಲ್ಲ ಎನ್ನುವಂತಿಲ್ಲ. ಬೆಳಗ್ಗೆ ಮನೆಯೊಳಗೆ ಬೆಳಕು ಹೆಚ್ಚಾಗಿದೆ, ದೀಪ ತಡವಾಗಿ ಹಾಕಿದರೂ ನಡೆಯುತ್ತದೆ ಎಂದು ಖುಷಿಪಟ್ಟಿದ್ದರು.

ಅವರ ಪೂರ್ತಿ ಗಮನ ಇದ್ದದ್ದು ರಿಜಿಸ್ಟರಿನ ಮೇಲೆ. ಪ್ಯಾಕ್ ಬಂದ ಮೇಲೆ ಬಳಕೆ ಇಳಿಯುತ್ತಿತ್ತು. ಮೊದಲ ವಾರ ಆರು ಗಂಟೆ, ಎರಡನೇ ವಾರ ಒಂದೂವರೆ, ಮೂರನೇ ವಾರ ಸೊನ್ನೆ. ಸೊನ್ನೆಗೆ ಇಂಟರ್ನೆಟ್ ಪ್ಯಾಕಾದರೂ ಏಕೆ ಬೇಕು, ಅದನ್ನೂ ತೆಗೆದರೆ ನೂರಕ್ಕೆ ನೂರು ಉಳಿತಾಯ. ಮೂರನೇ ವಾರದ ಗುರುವಾರ ಅವರು ವರದಿ ಹಿಡಿದು ಸೂಪರಿಂಟೆಂಡೆಂಟರ ಕೋಣೆಗೆ ಹೋದರು.

ಸೂಪರಿಂಟೆಂಡೆಂಟರ ಹೆಂಡತಿ ಮತ್ತು ನರ್ಸಮ್ಮ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಸೂಪರಿಂಟೆಂಡೆಂಟರು ವರದಿಯನ್ನು ಕೊನೆಯವರೆಗೂ ಓದಿ, ಕನ್ನಡಕ ತೆಗೆದು, ಬಾಗಿಲು ಮುಂದೆ ಮಾಡಿ ಬರುವಂತೆ ಹೇಳಿದರು.

“ಎಷ್ಟು ವರ್ಷ ಸರ್ವಿಸ್ ನಿಮ್ದು?”

“ಇಪ್ಪತ್ತೆರಡು, ಸರ್.”

“ಒಂದು ಮನೇಲಿ ನೂರು ಬರ್ತಿದ್ದ ರೀಡಿಂಗು ಮೂರು ವಾರದಲ್ಲಿ ಸೊನ್ನೆಗೆ ಬಂದ್ರೆ ಪುಸ್ತಕದಲ್ಲಿ ಏನು ಬರೀತೀರಿ?”

ಇದು ಹೊಸಬರನ್ನು ಕೇಳುವ ಪ್ರಶ್ನೆ. ಎರಡೇ ಕಾರಣ ಸರ್, ಒಂದು ಮೀಟರ್ ಕೆಟ್ಟಿರಬೇಕು, ಇಲ್ಲವೇ ಎಂದು ಮೀಟರಪ್ಪನವರು ಅಭ್ಯಾಸಬಲದಿಂದ ಶುರು ಮಾಡಿದರು. ಎರಡನೆಯದು ಬಾಯಿಂದ ಹೊರಡಲಿಲ್ಲ.

“ಮೀಟರ್ ಸರಿಯಾಗಿದೆ ಅಲ್ವಾ?” ಎಂದರು ಸೂಪರಿಂಟೆಂಡೆಂಟರು ಮೆಲ್ಲಗೆ. “ಮನೆಗೆ ಹೋಗಿ. ರಜೆ ಬೇಕಾದ್ರೆ ಫೋನ್ ಮಾಡಿ, ಅರ್ಜಿ ನಾನೇ ಬರ್ಕೋತೀನಿ.”

ಇಲಾಖೆಯ ಪುಸ್ತಕದಲ್ಲಿ ಆ ಎರಡನೇ ಕಾರಣಕ್ಕೆ ಒಂದು ಸಂಕೇತವಿದೆ: ಮ.ಖಾ. ಮನೆ ಖಾಲಿ. ಮೀಟರಪ್ಪನವರು ತಮ್ಮ ಸೇವಾವಧಿಯಲ್ಲಿ ಅದನ್ನು ಸಾವಿರ ಸಲವಾದರೂ ಬರೆದಿರಬಹುದು. ಒಮ್ಮೆಯೂ ಅದರೊಳಗೆ ಯಾರಿದ್ದರು, ಎಲ್ಲಿಗೆ ಹೋದರು ಎಂದು ಯೋಚಿಸಿರಲಿಲ್ಲ. ಅಂದು ಬಸ್ಸಿನಲ್ಲಿ ಯೋಚಿಸಿದರು.

ಮನೆ ತಲುಪಿದಾಗ ಏಳು ಮುಕ್ಕಾಲು. ಹೆಂಡತಿ ಇರಲಿಲ್ಲ. ತಂದೆ ತಲೆ ಸವರಿಕೊಳ್ಳುತ್ತ ಕೂತಿದ್ದರು. ಸವರಿಕೊಳ್ಳಲು ಕೂದಲೇ ಇರಲಿಲ್ಲ. ಮೀಟರಪ್ಪನವರು ಟಾರ್ಚ್ ತೆಗೆದುಕೊಂಡು ತಮ್ಮ ಮನೆಯನ್ನು ತಾವೇ ಓದಿದರು. ಕಿಟಕಿ ಆರು, ಪರದೆ ಸೊನ್ನೆ. ಬೀರುವಿನಲ್ಲಿ ಇರಬೇಕಾದ ಹಾಸಿಗೆ ಹೊದಿಕೆ ಎಂಟು, ಇದ್ದದ್ದು ಆರು. ಎಂಟೂ ಐದಕ್ಕೆ ಹೆಂಡತಿ ಖಾಲಿ ಚೀಲದೊಡನೆ ಬಂದರು. ದೀಪದ ಬೆಳಕಿನಲ್ಲಿ ಅವರ ಕೆಂಪು ಕಣ್ಣು ನೋಡಿ ಮೀಟರಪ್ಪನವರು ಟಾರ್ಚ್ ಆರಿಸಿದರು. ಇವತ್ತು ತಡವಾಯಿತಾ ಎಂದು ಅವರು ಕೇಳಿದರು. ಹೂಂ ಎಂದರು ಇವರು. ಊಟ ಮುಗಿಸಿ ಎದ್ದರು.

ಎದುರಿಗೇ ಇದ್ದ ಹೆಂಡತಿಯನ್ನು ಕೇಳುವುದನ್ನು ಬಿಟ್ಟು ಅವರು ಬೇರೆ ಊರಿನಲ್ಲಿದ್ದ ಹೆಂಡತಿಯ ಅಣ್ಣನಿಗೆ ಫೋನು ಮಾಡಿದರು. ಭಾವ ವಿಮಾ ಸರ್ವೇಯರ್. ಬೆಂಕಿ ಬಿದ್ದ ಗೋದಾಮು, ಮಗುಚಿದ ಲಾರಿ ನೋಡಿ ಎಷ್ಟು ಹಾನಿ ಎಂದು ಬರೆಯುವುದು ಅವರ ಕೆಲಸ. ಶನಿವಾರ ಸಂಜೆ ಆರೂವರೆಗೆ ಬಂದಿಳಿದವರು ಒಳಗೆ ಕಾಲಿಡುವ ಮುಂಚೆ ಬೋಳು ಕಿಟಕಿಗಳ ಫೋಟೊ ತೆಗೆದುಕೊಂಡರು. ಮಾಡಿದ್ದು ಅಭ್ಯಾಸಬಲದಿಂದ, ಆದರೆ ಬಾಲ್ಕನಿಯಲ್ಲಿದ್ದ ನರ್ಸಮ್ಮನಿಗೆ ಅದು ಕೋರ್ಟಿಗೆ ಸಾಕ್ಷ್ಯ ಕೂಡಿಸಿದಂತೆ ಕಂಡಿತು. ಆವರೆಗೆ ಸುದ್ದಿಯ ಆರು ಆವೃತ್ತಿ ಇದ್ದವು. ಏಳನೆಯದು ಹುಟ್ಟಿದ್ದು ಆಗ.

ಏಳಕ್ಕೆ ನಾಲ್ವರೂ ಮುಂದಿನ ಕೋಣೆಯಲ್ಲಿ ಕೂತರು. ಭಾವ ಯಾವ ವಿಷಯಕ್ಕೂ ನೇರವಾಗಿ ಬರುವವರಲ್ಲ. ಹಾನಿಗೆ ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ ಎಂದರು. ಬೇಗ ಗೊತ್ತಾದರೆ ಉಳಿಸಬಹುದಾದದ್ದು ಬಹಳ ಇರುತ್ತದೆ ಎಂದರು. ತಮ್ಮ ಅನುಭವದ ಒಂದು ಸೀಮೆಎಣ್ಣೆ ಗೋದಾಮಿನ ಕಥೆ ಹೇಳಿದರು. ಅಣ್ಣ ಇದ್ದಕ್ಕಿದ್ದಂತೆ ಏಕೆ ಬಂದ, ಗೋದಾಮು ಏಕೆ ಸುಟ್ಟಿತು ಎಂದು ಟೀಚರಿಗೆ ಅರ್ಥವಾಗಲಿಲ್ಲ. ಅವರ ಕಣ್ಣು ಗಡಿಯಾರ ಬಿಟ್ಟು ಕದಲಲಿಲ್ಲ. ಅಂದಿನ ಕಂತಿನಲ್ಲಿ ಉಯಿಲು ಓದುವವರಿದ್ದರು. ಅದಕ್ಕಾಗಿ ಅವರು ಒಂದು ವರ್ಷ ನಾಲ್ಕು ತಿಂಗಳಿಂದ ಕಾದಿದ್ದರು. ತಡೆಯಲಾರದೆ ಏಳು ಮೂವತ್ತನಾಲ್ಕಕ್ಕೆ ಅವರು ಎದ್ದು, ಬಾಗಿಲ ಹಿಂದಿನ ಚೀಲ ಕೈಗೆತ್ತಿಕೊಂಡು, ಅರ್ಧ ಗಂಟೆಯಲ್ಲಿ ಬಂದೆ ಎಂದರು.

ಚೀಲದಿಂದ ನಾಲ್ಕನೇ ಹೊದಿಕೆಯ ತುದಿ ಇಣುಕುತ್ತಿತ್ತು. ಮೀಟರಪ್ಪನವರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಅಡ್ಡ ನಿಂತು ಏನು ಮಾಡಬೇಕೆಂದು ತಿಳಿಯದೆ ಪಕ್ಕಕ್ಕೂ ಸರಿದರು.

“ನಿಂಗೆ ಹೋಗ್ಬೇಕು ಅನ್ಸಿದ್ರೆ ಹೋಗು” ಎಂದರು. “ತಡೆಯಲ್ಲ. ಆದ್ರೆ ನಾನು ಏನು ಮಾಡಿದೆ ಅಂತ ಹೇಳಿ ಹೋಗ್ತೀಯಾ?”

ಇಪ್ಪತ್ತೆರಡು ವರ್ಷಗಳಲ್ಲಿ ಅವರು ಮನೆಯವರೊಬ್ಬರನ್ನು ಕೇಳಿದ ಮೊದಲ ಪ್ರಶ್ನೆ ಅದು.

ಟೀಚರ್ ಗಂಡನ ಮುಖ ನೋಡಿದರು, ಅಣ್ಣನ ಮುಖ ನೋಡಿದರು. ಬಾಯಿ ತೆರೆಯುವ ಮುಂಚೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿ, ಒಂದು ಬಟ್ಟೆಯ ಗುಡ್ಡ ಒಳಗೆ ಬಂತು. ಹನ್ನೆರಡು ಪರದೆ, ಮೂರು ಹೊದಿಕೆ. ಗುಡ್ಡದ ಹಿಂದಿನಿಂದ ಟೈಲರಮ್ಮನ ಧ್ವನಿ ಬಂತು.

“ಟೀಚರ್, ಎಲ್ಲಿ ಹೋದ್ರಿ? ವಕೀಲರು ಬಂದು ಕೂತಾಯ್ತು, ಲಕೋಟೆ ಒಡೀತಿದಾರೆ. ಹಾಗೇ ಇವನ್ನೂ ತಂದೆ. ಮಿಷಿನ್ ಹತ್ರ ಕಾಲಿಡೋಕೂ ಜಾಗ ಇಲ್ಲ. ಅಂಚು ಒಂದರದ್ದೂ ಬಿಟ್ಟಿಲ್ಲ, ನಾನು ಸೂಜಿನೂ ಮುಟ್ಸಿಲ್ಲ.”

ವಕೀಲರು ಎಂಬ ಮಾತಿಗೆ ಭಾವ ಎದ್ದು ನಿಂತರು. ಯಾವ ವಕೀಲರು, ಎಲ್ಲಿ ಕೂತಿದ್ದಾರೆ, ಯಾರ ಕಡೆಯವರು ಎಂದು ಕೇಳಿದರು. ಬೇಕರಿ ಕಡೆಯವರು ಎಂದರು ಟೈಲರಮ್ಮ.

ಅಲ್ಲಿಂದ ಮುಂದೆ ಎಲ್ಲ ಹೊರಬರಲು ಏಳು ನಲವತ್ತೈದರವರೆಗೆ ಹಿಡಿಯಿತು. ಟೀಚರ್ ಗೋಡೆಗೆ ಒರಗಿ ನಿಂತು, ತಪ್ಪು ಉತ್ತರ ಬರೆದ ವಿದ್ಯಾರ್ಥಿನಿಯ ಹಾಗೆ ಒಂದೊಂದೇ ವಾಕ್ಯ ಹೇಳಿದರು. ವನ್ಯಜೀವಿ ಸುಳ್ಳು. ಆರು ಗಂಟೆಯೂ ಸುಳ್ಳು. ಪೋಷಕರ ಸಭೆಯಲ್ಲಿ ನಲವತ್ತು ನಿಮಿಷ ಮಾತಾಡಿ ಬಂದವಳು ಸಹಿ ಹಾಕಿ ಧಾರಾವಾಹಿ ಅಂತ ಹೇಗೆ ಬರೆಯಲಿ? ಕಣ್ಣು ಕೆಂಪಾಗಿದ್ದು ಆ ಸೊಸೆ ಸ್ವಂತ ಮಗನನ್ನೇ ಗುರುತು ಹಿಡಿಯಲಿಲ್ಲ ಅಂತ.

“ಮನೆ ಬಿಟ್ಟು ಹೋಗ್ತೀನಿ ಅಂತ ಅಂದ್ಕೊಂಡ್ರಾ?” ಎಂದು ಕೇಳಿದರು. “ಹೋಗೋಳು ಪರದೆ ಯಾಕ್ರೀ ತಗೊಂಡು ಹೋಗ್ತೀನಿ?”

ತಾತ ಕೈಯೆತ್ತಿ, ತಮ್ಮ ಹೇಳಿಕೆಯಲ್ಲೂ ಒಂದು ತಿದ್ದುಪಡಿ ಇದೆ, ಬರೆದುಕೊಳ್ಳಬೇಕು ಎಂದರು. ವಾರ್ತೆ ಎಂದು ಇರುವಲ್ಲೆಲ್ಲ ಕರಡಿ ಎಂದು ಓದಿಕೊಳ್ಳತಕ್ಕದ್ದು. ಯಾವ ಕರಡಿ ಎಂದು ಯಾರೂ ಕೇಳಲಿಲ್ಲ. ಅವರ ತಲೆ ನೋಡಿ ಸೊಸೆಗೆ ನಗು ಬಂತು, ಸೊಸೆಯ ನಗು ನೋಡಿ ಮಾವನಿಗೆ ನಗು ಬಂತು.

ಮೀಟರಪ್ಪನವರು ಪರದೆಗಳ ರಾಶಿಯ ಮೇಲೆಯೇ ಕುಸಿದು ಕೂತರು. ಕೋಪ ಬರಬೇಕಾದ ಜಾಗ ಇದು ಎಂದು ಅವರಿಗೂ ಗೊತ್ತಿತ್ತು, ಹುಡುಕಿದರು, ಎಲ್ಲೂ ಸಿಗಲಿಲ್ಲ. ಒಂದೊಂದೇ ಪರದೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು, ಎಣಿಸಲಿಲ್ಲ. “ನಗರಸಭೆ ನಾನೂ ಒಂದು ದಿನ ನೋಡಿಲ್ಲ” ಎಂದರು. “ನಿದ್ದೆ ಮಾಡ್ತಿದ್ದೆ.”

“ಅದು ಬೀದಿಗೇ ಗೊತ್ತು” ಎಂದರು ಟೈಲರಮ್ಮ. “ಗೊರಕೆ ಅಂಗಡಿವರೆಗೂ ಕೇಳತ್ತೆ. ಈಗ ಬರ್ತೀರಾ, ಇಲ್ಲ ನಾನು ಹೋಗ್ಲಾ? ಅರ್ಧ ಉಯಿಲು ಮುಗಿದಿರತ್ತೆ.”

ನಾಲ್ವರೂ ಅವರ ಹಿಂದೆ ಹೊರಟರು. ಮೀಟರಪ್ಪ ಹೆಂಡತಿಯ ಪಕ್ಕದಲ್ಲಿ ಚೀಲ ಹಿಡಿದು ಬೀದಿಯುದ್ದಕ್ಕೂ ನಡೆದುಹೋದದ್ದನ್ನು, ಹಿಂದೆ ಭಾವ ತಾತನ ಕೈ ಹಿಡಿದುಕೊಂಡು ಹೋದದ್ದನ್ನು ನರ್ಸಮ್ಮ ನೋಡಿದರು. ಬೇರೆಲ್ಲೂ ಹೋಗದೆ ಟೈಲರಂಗಡಿಯೊಳಗೆ ಹೋದದ್ದನ್ನೂ ನೋಡಿದರು. ಒಂದು ಗಿಡಕ್ಕೆ ಮೂರು ಸಲ ನೀರು ಬಿತ್ತು. ತಡೆಯಲಾರದೆ ಅವರೂ ಇಳಿದು ಬಂದರು. ಅವರಿಗೂ ಒಂದು ಸ್ಟೂಲು ಸಿಕ್ಕಿತು. ಬೇಕರಿ ಯಾರಿಗೆ ಹೋಯಿತೆಂಬುದು ಇಲ್ಲಿ ಅಪ್ರಸ್ತುತ. ಭಾವನ ಪ್ರಕಾರ ಸಹಿಗೆ ಸಾಕ್ಷಿದಾರರು ಒಬ್ಬರೇ ಇದ್ದದ್ದರಿಂದ ಆ ಉಯಿಲು ಊರ್ಜಿತವಲ್ಲ. ಅವರನ್ನು ಎಲ್ಲರೂ ಸೇರಿ ಸುಮ್ಮನಿರಿಸಿದರು. ರಾತ್ರಿಯ ಬಸ್ಸು ಹತ್ತುವಾಗ ಅವರು ಕಿಟಕಿಗಳ ಫೋಟೊ ಅಳಿಸಿಹಾಕಿ, ಹಾನಿ ಏನೂ ಇಲ್ಲ ಎಂದು ತೀರ್ಪು ಕೊಟ್ಟು ಹೋದರು.

ಭಾನುವಾರ ಬೆಳಗ್ಗೆ ಪರದೆಗಳು ಏರಿದವು. ಅಂದೇ ಮೀಟರಪ್ಪನವರು ಹಾಳೆಯೊಂದರಲ್ಲಿ ಮನೆಗೆ ನಿಜಕ್ಕೂ ಬೇಕಾದದ್ದನ್ನು ಬರೆದರು. ಈ ಸಲ ಬಾಯಲ್ಲೇ ಕೇಳಿ ಬರೆದುಕೊಂಡರು, ಸಹಿ ಕೇಳಲಿಲ್ಲ. ಬೇಕರಿ ಒಂದು, ಕರಡಿ ಒಂದು, ನಿದ್ದೆ ಬರಿಸುವಂಥದ್ದು ಯಾವುದಾದರೂ ಒಂದು. ಮೂರೂ ಕೇಬಲ್ಲಿನ ಎಲ್ಲಕ್ಕಿಂತ ಕೆಳಗಿನ ಪ್ಯಾಕಿನಲ್ಲಿದ್ದವು. ದುಬಾರಿಯಾಗಿದ್ದದ್ದು ಪಾಚಿ. ಸುಳ್ಳು ಹೇಳದೆ ಇದ್ದರೆ ಖರ್ಚು ಹಳೆಯ ಬಿಲ್ಲಿನ ಕಾಲು ಭಾಗಕ್ಕೆ ಇಳಿಯುತ್ತಿತ್ತು ಎಂದು ಲೆಕ್ಕ ಹೇಳಿತು. ಸೂಪರಿಂಟೆಂಡೆಂಟರು ಈ ಪರಿಷ್ಕೃತ ವರದಿ ಓದಿ, ಇದನ್ನು ತಮ್ಮ ಮನೆಯಲ್ಲಿ ಪ್ರಯೋಗಿಸುವ ಧೈರ್ಯ ತಮಗಿಲ್ಲ ಎಂದರು. ಬರೆದಿಟ್ಟಿದ್ದ ರಜೆ ಅರ್ಜಿಯನ್ನು ಹರಿದರು.

ಸೋಮವಾರ ಸಂಜೆ ಕೇಬಲ್‌ನವರು ಅದೇ ವೈರು ತಂದು ಜೋಡಿಸಿದರು. ಏಕೆ, ಏನು ಎಂದು ಕೇಳಲಿಲ್ಲ. ಏಣಿ ಇಳಿಯುವಾಗ ಟೀಚರ್ ಕೊಟ್ಟ ಚಹಾವನ್ನು ಮಾತ್ರ ನಿಧಾನವಾಗಿ ಕುಡಿದರು.

ಏಳೂವರೆಗೆ ಟೀಚರ್ ಟಿ.ವಿ. ಮುಂದೆ ಕೂತರು. ಮೀಟರಪ್ಪನವರು ಒಳಕೋಣೆಗೆ ಹೋಗದೆ ಬಂದು ಪಕ್ಕದಲ್ಲಿ ಕೂತರು. ಆ ಮುದುಕಿ ಯಾರು ಎಂದು ಕೇಳಿದರು. ಸೊಸೆಯ ಅತ್ತೆ ಎಂದರು ಟೀಚರ್. ಆ ಹುಡುಗ ಯಾರು ಎಂದು ಕೇಳಿದರು. ಮಗ ಎಂದರು. ಮೂರನೇ ಪ್ರಶ್ನೆ ಬರಲಿಲ್ಲ. ಟೀಚರ್ ತಿರುಗಿ ನೋಡಿದಾಗ ಗಂಡನ ಗದ್ದ ಎದೆಗೆ ತಾಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಶುರುವಾಗಿ ನಾಲ್ಕು ನಿಮಿಷ ಆಗಿತ್ತಷ್ಟೆ. ಪರದೆಯ ಮೇಲೆ ಸೊಸೆ ಬೇಕರಿಯ ಬಾಗಿಲಲ್ಲಿ ನಿಂತು ಏನನ್ನೋ ನೆನಪಿಸಿಕೊಳ್ಳತೊಡಗಿದ್ದಳು. ಒಂದು ಮಾತೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಟೀಚರ್ ರಿಮೋಟ್ ತೆಗೆದುಕೊಂಡು ಧ್ವನಿಯನ್ನು ಇಪ್ಪತ್ತೆರಡರಿಂದ ಒಂಬತ್ತಕ್ಕೆ ಇಳಿಸಿದರು. ಕುರ್ಚಿಯನ್ನು ಸದ್ದಾಗದಂತೆ ಟಿ.ವಿ.ಯ ಹತ್ತಿರಕ್ಕೆ ಎಳೆದುಕೊಂಡು ಕೂತರು.